ಹಂಪಿಯ ಗುಂಡುಗಳನ್ನ ಪೇರಿಸಿದ್ದು ಯಾರು?

ಪ್ರಶ್ನೆ: ಸರ್, ಹೋದ ತಿಂಗಳು ಹಂಪಿಗೆ ಹೋಗಿದ್ವಿ. ಮಾತಂಗ ಬೆಟ್ಟ ಹತ್ತುವಾಗ ಮಗಳು, ಇಷ್ಟು ದೊಡ್ಡ ಗುಂಡುಗಳನ್ನ ಒಂದರ ಮೇಲೊಂದು ಇಟ್ಟೋರು ಯಾರಪ್ಪಾ ಅಂದ್ಲು. ವಾಲಿ-ಸುಗ್ರೀವರು ಜಗಳದಲ್ಲಿ ಎಸೆದಾಡಿದ್ದು ಅಂತ ಅಲ್ಲಿನವರು ಹೇಳ್ತಾರೆ, ನಮ್ಮಣ್ಣ ಭೂಕಂಪ ಅಂತಾನೆ. ಯಾವ್ದು ನಿಜ?
— ಒಬ್ಬ ಓದುಗರು, ಗದಗ

ಉತ್ತರ: ಕಿಷ್ಕಿಂಧೆ ಕಥೆ ನಂಗೂ ತುಂಬಾ ಇಷ್ಟ, ಮಗಳಿಗೆ ಅದನ್ನೂ ಹೇಳಿ. ಆದ್ರೆ ಆ ಕಲ್ಲುಗಳನ್ನ ಯಾರೂ ತಂದಿಟ್ಟಿಲ್ಲ, ಸುತ್ತ ಇದ್ದದ್ದೆಲ್ಲ ಕೊಚ್ಚಿಹೋಗಿ ಅವು ಉಳ್ಕೊಂಡಿವೆ. ಭೂಕಂಪ ಅಂತೂ ಅಲ್ಲ, ನೆಲ ಜೋರಾಗಿ ಅಲುಗಿದ್ರೆ ಹಾಗೆ ತುದೀಲಿ ನಿಂತಿರೋವೇ ಮೊದ್ಲು ಉರುಳ್ತಿದ್ವು.

ಅದು ಗ್ರಾನೈಟ್, ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಕಾದು ಕರಗಿದ್ದ ಶಿಲೆ ನಿಧಾನಕ್ಕೆ ತಣ್ಣಗಾಗಿ ಗಟ್ಟಿಯಾಯ್ತು, ಆಗ ಒಂದಿಷ್ಟು ಬಿರುಕು, ಆಮೇಲೆ ಮೇಲಿನ ಪದರ ಸವೆದು ಭಾರ ಇಳಿದಾಗ ಇನ್ನೊಂದಿಷ್ಟು, ಹೀಗೆ ಅಡ್ಡ ಉದ್ದ ಸೀಳಿ ಇಡೀ ಬೆಟ್ಟ ಒಳಗೊಳಗೇ ಇಟ್ಟಿಗೆ ಜೋಡಿಸಿದ ಹಾಗಾಯ್ತು. ಆ ಬಿರುಕಲ್ಲಿ ಮಳೆನೀರು ಇಳೀತು. ಗ್ರಾನೈಟ್‌ನಲ್ಲಿರೋ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ನೀರು ತಾಗ್ತಾ ತಾಗ್ತಾ ಜೇಡಿಮಣ್ಣಾಗುತ್ತೆ, ಕ್ವಾರ್ಟ್ಜ್ ಮಾತ್ರ ಜಗ್ಗಲ್ಲ, ಮರಳಾಗಿ ಉಳಿಯುತ್ತೆ. ಚೌಕದ ಬೆಲ್ಲದಚ್ಚನ್ನ ನೀರಲ್ಲಿ ಹಾಕಿ ಮಗಳಿಗೆ ತೋರ್ಸಿ, ಮೊದ್ಲು ಮೂಲೆ ಕರಗುತ್ತೆ, ಯಾಕಂದ್ರೆ ಅಲ್ಲಿಗೆ ನೀರು ಮೂರು ಕಡೆಯಿಂದ ಮುಟ್ಟುತ್ತೆ. ಕಲ್ಲೂ ಹಂಗೇ ಮಣ್ಣೊಳಗಿದ್ದಾಗಲೇ ದುಂಡಗಾಯ್ತು. ಲಕ್ಷಾಂತರ ವರ್ಷ ಮಳೆ ಬಂದು ಸುತ್ತಲಿನ ಗರಸು ಕೊಚ್ಕೊಂಡು ಹೋಯ್ತು, ಮೇಲಿನ ಗುಂಡು ಕೆಳಗಿನದ್ರ ಮೇಲೆ ಹಾಗೇ ಕೂತ್ಕೊಂಡ್ತು.

ಇದನ್ನ ಅರ್ಧಕ್ಕೆ ನಿಂತ ಸ್ಥಿತೀಲೂ ನೋಡ್ಬಹುದು. ಆ ಸೀಮೇಲಿ ರಸ್ತೆಗೆ ಅಂತ ಗುಡ್ಡ ಕಡಿದ ಕಡೆ ಗಾಡಿ ನಿಲ್ಸಿ, ಪುಡಿಪುಡಿ ಗರಸಿನ ನಡುವೆ ಗಟ್ಟಿ ಗುಂಡು ಇನ್ನೂ ಹೂತ್ಕೊಂಡಿರುತ್ತೆ, ಸುತ್ತ ಈರುಳ್ಳಿ ಸಿಪ್ಪೆ ಥರ ಪದರ. ನಾನು ಮೊದಲ ಸಲ ಅದನ್ನ ಕಂಡಾಗ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಇಂಥ ಗುಡ್ಡಗಳನ್ನ ಜಲ್ಲಿಗೋಸ್ಕರ ಸಿಡಿಸ್ತಾರಲ್ಲ, ಹೊಟ್ಟೆ ಉರಿಯುತ್ತೆ.

ಮುಂದಿನ ಸಲ ಹೋದಾಗ ಹಳೇ ಗುಂಡಿನ ಮೈ ಸವರಿ ನೋಡಿ. ಅಂಗೈಗೆ ಸಣ್ಣ ಸಣ್ಣ ಹರಳು ಉದುರಿ ಅಂಟ್ಕೊಳ್ಳುತ್ತೆ.