ಜನ ಹೆಚ್ಚಿದರೆ ಸೈಟಿನ ಬೆಲೆ ಏರಲೇಬೇಕಾ?

ಪ್ರಶ್ನೆ: ನನ್ನ ಊರು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಪೇಟೆ. ಕೆಲಸ ಬೆಂಗಳೂರಲ್ಲಿ, ವಯಸ್ಸು 38. ಕೈಯಲ್ಲಿ 45 ಲಕ್ಷ ಇದೆ. ‘ಜನ ಹೆಚ್ಚುತ್ತಲೇ ಇರ್ತಾರೆ, ಭೂಮಿ ಹೆಚ್ಚಲ್ಲ, ಊರಲ್ಲೇ ಸೈಟು ತಗೋ’ ಅಂತಾರೆ ಅಪ್ಪ. ಹೆಂಡತಿಗೆ ಬೆಂಗಳೂರಲ್ಲಿ ಫ್ಲ್ಯಾಟ್ ಬೇಕು. ಇದರ ನಡುವೆ ಕರ್ನಾಟಕದಲ್ಲಿ ಹುಟ್ಟುವ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ ಅಂತ ಓದಿದೆ. ಹಾಗಾದರೆ ಮುಂದೆ ಬೆಲೆ ಬಿದ್ದುಹೋಗುತ್ತಾ?

ಉತ್ತರ: ನಿಮ್ಮ ಅಪ್ಪನ ಮಾತು ಅರ್ಧ ಸರಿ. ಭೂಮಿ ಹೆಚ್ಚಲ್ಲ, ನಿಜ. ಆದರೆ ಹೊಲ ಸೈಟಾಗುತ್ತದಲ್ಲ! ತಾಲ್ಲೂಕು ಪೇಟೆಯ ಸುತ್ತ ಕಮಾನು ಕಟ್ಟಿ, ಕಲ್ಲು ನೆಟ್ಟು ಬಿಟ್ಟಿರುವ ಲೇಔಟುಗಳನ್ನು ಒಮ್ಮೆ ನೋಡಿ ಬನ್ನಿ. ಕೆಲವದರಲ್ಲಿ ಇವತ್ತಿಗೂ ದನ ಮೇಯುತ್ತಿವೆ.

ಇನ್ನು ಜನರ ಲೆಕ್ಕ. ಮುಂದಿನ ಜನಗಣತಿ 2027ಕ್ಕೆ, ಹಾಗಾಗಿ ಕೈಯಲ್ಲಿರುವ ಪೂರ್ತಿ ಎಣಿಕೆ 2011ರದ್ದೇ. ಅದಕ್ಕೂ ಹಿಂದಿನ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ 65 ಲಕ್ಷದಿಂದ 96 ಲಕ್ಷಕ್ಕೆ ಏರಿದರು. ಅಂದರೆ ಶೇ 47. ಹಾಸನದಲ್ಲಿ ಏರಿದ್ದು ಶೇ 3ರ ಆಸುಪಾಸು. ಮಂಡ್ಯದಲ್ಲಿ ಇನ್ನೂ ಕಡಿಮೆ. ಚಿಕ್ಕಮಗಳೂರಿನಲ್ಲಿ ಸ್ವಲ್ಪ ಇಳಿದೇ ಬಿಟ್ಟಿತ್ತು. ಹೊರಟು ಬಂದವರು ನಿಮ್ಮಂಥವರೇ ಅಲ್ವಾ? ನಿಮ್ಮ ಹತ್ತನೇ ಕ್ಲಾಸಿನ ಗ್ರೂಪ್ ಫೋಟೊ ತೆಗೆದು, ಎಷ್ಟು ಜನ ಈಗಲೂ ಊರಲ್ಲಿದ್ದಾರೆ ಎಣಿಸಿ. ನಾಳೆ ನೀವು ಸೈಟು ಮಾರಲು ಹೋದಾಗ ಕೊಳ್ಳಬೇಕಾದವರು ಅವರು.

ಹಾಗಂತ ಜನ ಹೆಚ್ಚಿದ ಕಡೆಯೆಲ್ಲ ಬೆಲೆ ಏರುತ್ತದೆ ಅಂತಲೂ ಅಲ್ಲ. ಅದೇ ಜನಗಣತಿಯಲ್ಲಿ ಬೆಂಗಳೂರು ನಗರದ ನಂತರ ಅತಿ ಜಾಸ್ತಿ ಬೆಳೆದ ಜಿಲ್ಲೆ ಯಾವುದು ಗೊತ್ತಾ? ಯಾದಗಿರಿ, ಶೇ 22ಕ್ಕಿಂತ ಹೆಚ್ಚು. ಅಲ್ಲಿ ಎಣಿಕೆ ಏರಿದ್ದು ಹುಟ್ಟುವ ಮಕ್ಕಳಿಂದ, ಹೊರಗಿನವರು ಬಂದು ನೆಲೆಸಿದ್ದರಿಂದಲ್ಲ. ದುಡಿಯುವ ವಯಸ್ಸಿನವರು ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲೇ ಕೆಲಸ ಮಾಡುತ್ತಾರೆ. ಬೆಲೆ ಏರಿಸುವುದು ತಲೆಗಳ ಸಂಖ್ಯೆಯಲ್ಲ. ಸಂಬಳ ಹಿಡಿದು ಮನೆ ಹುಡುಕುವ ಸಂಸಾರಗಳು.

ಸಂಸಾರ ಅಂದೆನಲ್ಲ, ಬ್ರೋಕರುಗಳು ಹೇಳದ ಲೆಕ್ಕ ಇದು. 2001ರಿಂದ 2011ಕ್ಕೆ ಕರ್ನಾಟಕದ ಜನಸಂಖ್ಯೆ ಏರಿದ್ದು ಶೇ 15.6. ಆದರೆ ಸಂಸಾರಗಳು ಸುಮಾರು 1.02 ಕೋಟಿಯಿಂದ 1.32 ಕೋಟಿಗೆ ಏರಿದವು, ಹೆಚ್ಚುಕಡಿಮೆ ಶೇ 29. ಅಣ್ಣ ತಮ್ಮ ಬೇರೆಯಾದರು, ಮಗಳು ಕೆಲಸ ಹಿಡಿದು ಒಬ್ಬಳೇ ಮನೆ ಮಾಡಿದಳು. ಜನ ಅಷ್ಟೇ ಇದ್ದರೂ ಬಾಗಿಲುಗಳು ಜಾಸ್ತಿ ಬೇಕಾಗುತ್ತವೆ. ಹಾಗಾಗಿ ಮಕ್ಕಳು ಕಡಿಮೆಯಾದ ಕೂಡಲೇ ಮನೆಗೆ ಬೇಡಿಕೆ ನಿಲ್ಲುವುದಿಲ್ಲ.

ನೀವು ಓದಿದ ಸುದ್ದಿ ಸರಿಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. ಆದರೆ ಇವತ್ತು ಹುಟ್ಟಿದ ಮಗು ಮನೆ ಕೊಳ್ಳುವುದು ಮೂವತ್ತು ದಾಟಿದ ಮೇಲೆ. ಮುಂದಿನ ಇಪ್ಪತ್ತು ವರ್ಷದ ಗಿರಾಕಿಗಳೆಲ್ಲ ಆಗಲೇ ಹುಟ್ಟಿಯಾಗಿದೆ. ಅವರು ಯಾವ ಊರಲ್ಲಿರುತ್ತಾರೆ ಅನ್ನುವುದಷ್ಟೇ ಪ್ರಶ್ನೆ.

ಚಿಕ್ಕಮಗಳೂರಲ್ಲಿ ಜನ ಇಳಿದರೂ ಮೂಡಿಗೆರೆ ಕಡೆ ತೋಟದ ಬೆಲೆ ಇಳಿಯಲಿಲ್ಲವಲ್ಲ ಅಂತ ನೀವು ಕೇಳಬಹುದು. ಅಲ್ಲಿ ಓಡಾಡುವ ದುಡ್ಡಿನಲ್ಲಿ ಬಹಳಷ್ಟು ಹೊರಗಿನದು. ಹೋಮ್‌ಸ್ಟೇಗೆ ಬರುವವರದ್ದು, ಕಾಫಿ ರೇಟಿನದ್ದು. ನಿಮ್ಮ ಪೇಟೆಗೆ ಅಂಥ ಹೊರಗಿನ ಗಿರಾಕಿ ಇದ್ದಾರಾ? ‘ಏರ್‌ಪೋರ್ಟ್ ಬರುತ್ತೆ ಸಾರ್’ ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ನಿಮ್ಮ ದುಡ್ಡು. 45 ಲಕ್ಷವನ್ನು ಶೇ 7ರ ಬಡ್ಡಿಗೆ ಹತ್ತು ವರ್ಷ ಸುಮ್ನೆ ಇಟ್ಟರೂ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ, 88 ಲಕ್ಷ ದಾಟುತ್ತದೆ. ಸೈಟಿಗೆ ಬಾಡಿಗೆ ಇಲ್ಲ. ಅಂದರೆ ನಿಮ್ಮ ಪೇಟೆಯಲ್ಲಿ ಆ ಸೈಟಿಗೆ 90 ಲಕ್ಷ ಕೊಡುವವರು ಸಿಗಬೇಕು, ಅದೂ ನಿಮಗೆ ಬೇಕಾದಾಗ. ನಾನೇ ಹಿಂದೊಮ್ಮೆ ಇಂಥ ಸೈಟು ಮಾರಲು ಎರಡು ವರ್ಷ ಅಲೆದಿದ್ದೇನೆ. ‘ನೋಡೋಣ ಸಾರ್’ ಅಂದವರೇ ಎಲ್ಲ.

ಬೆಂಗಳೂರಲ್ಲೂ ಕಣ್ಣು ಮುಚ್ಚಿ ಇಳಿಯಬೇಡಿ. 1.2 ಕೋಟಿಯ ಫ್ಲ್ಯಾಟಿಗೆ ತಿಂಗಳಿಗೆ 30 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಶೇ 3 ಆಯಿತು. ಸಾಲದ ಬಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ. ಜೊತೆಗೆ, ವಲಸೆ ಬಂದವರು ವಾಪಸ್ಸೂ ಹೋಗುತ್ತಾರೆ. 2020ರಲ್ಲಿ ಐಟಿಯವರು ಲ್ಯಾಪ್‌ಟಾಪ್ ಎತ್ತಿಕೊಂಡು ಊರಿಗೆ ಹೋದಾಗ ಎಲ್ಲೆಲ್ಲೂ ಟು ಲೆಟ್ ಬೋರ್ಡು ಬಿದ್ದದ್ದು ನೆನಪಿದೆಯಾ? 2022ರ ಹೊತ್ತಿಗೆ ಅವರು ಮರಳಿದರು, ಬಾಡಿಗೆ ಹಾರಿತು. ಒಂದೇ ಉದ್ಯಮವನ್ನು ನಂಬಿದ ಏರಿಯಾದಲ್ಲಿ ಈ ಏರಿಳಿತ ಇದ್ದದ್ದೇ.

ನನ್ನ ಅಭಿಪ್ರಾಯ: ವಾಸಕ್ಕಾದರೆ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳಿ. ಆದರೆ ಕಟ್ಟಡ ನಿಂತ ನೆಲದಲ್ಲಿ ನಿಮ್ಮ ಪಾಲಿಗೆ ಎಷ್ಟು ಅಡಿ ಜಾಗ ಬರುತ್ತದೆ ಅಂತ ಕೇಳಿ. ಕಟ್ಟಡ ಹಳೆಯದಾಗುತ್ತದೆ, ಬೆಲೆ ಏರುವುದು ಆ ಜಾಗದ್ದು. ನಿವೃತ್ತಿಯ ನಂತರ ಊರಿಗೆ ಹೋಗುವ ಮನಸ್ಸಿದ್ದರೆ ಮಾತ್ರ ಅಲ್ಲೊಂದು ಚಿಕ್ಕ ಸೈಟು. ಕೊಳ್ಳುವ ಮುಂಚೆ ರಾತ್ರಿ ಎಂಟಕ್ಕೆ ಲೇಔಟಿಗೆ ಹೋಗಿ ಎಷ್ಟು ಮನೆಯಲ್ಲಿ ಲೈಟಿದೆ ನೋಡಿ. ಹತ್ತಿರದ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸೇರಿದರು ವಿಚಾರಿಸಿ. ಬ್ರೋಷರಿಗಿಂತ ಇದು ಜಾಸ್ತಿ ಹೇಳುತ್ತದೆ.

ಪ್ರಶ್ನೆ: ಉಡುಪಿ ಪೇಟೆಯಿಂದ ಸ್ವಲ್ಪ ದೂರದಲ್ಲಿ ನಮ್ಮ ಹಂಚಿನ ಮನೆ ಇದೆ. ನಾನು ಮುಂಬೈಯಲ್ಲಿ, ಅಣ್ಣ ದುಬೈಯಲ್ಲಿ. ಮನೆಗೆ ಬೀಗ. ಇಟ್ಟುಕೊಂಡರೆ ಬೆಲೆ ಏರುತ್ತದೆಯೇ?

ಉತ್ತರ: ಜಾಗದ್ದು ಏರಬಹುದು, ಮನೆಯದ್ದು ಏರುವುದಿಲ್ಲ. ಕರಾವಳಿಯ ಮಳೆಗೆ ಬೀಗ ಹಾಕಿದ ಹಂಚಿನ ಮನೆ ಎಷ್ಟು ವರ್ಷ ತಡೆಯುತ್ತದೆ ಅಂತ ನಿಮಗೇ ಗೊತ್ತು. ಹಂಚು ಹೊರುವ ಮರದ ಒಂದು ಪಕಾಸಿ ಕುಂಬಾದರೆ (ಕೊಳೆತರೆ) ಮಾಡೇ, ಅಂದರೆ ಸೂರೇ, ಕೂರುತ್ತದೆ. ಜಪಾನಿನಲ್ಲಿ 2023ರಲ್ಲಿ ಲೆಕ್ಕ ಹಾಕಿದಾಗ 90 ಲಕ್ಷ ಮನೆ ಖಾಲಿ ಇದ್ದವು. ಹಳ್ಳಿ ಕಡೆ ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟರೂ ಎಷ್ಟೋ ಮನೆಗೆ ಗಿರಾಕಿ ಇಲ್ಲ. ಉಡುಪಿ ಹಾಗಾಗಿಲ್ಲ. ಮಣಿಪಾಲ ಹತ್ತಿರವಿದ್ದರೆ ಬಾಡಿಗೆಗೂ ಜನ ಸಿಗುತ್ತಾರೆ. ದೂರವಾದರೆ ಮಾರಲು ತಡ ಮಾಡಬೇಡಿ. ಮೊದಲು ಅಣ್ಣ ಬಂದಾಗ ಪಾಲುಪಟ್ಟಿ ಮಾಡಿ, ದಾಖಲೆ ನಿಮ್ಮಿಬ್ಬರ ಹೆಸರಿಗೆ ತನ್ನಿ. ಅವರು ಎನ್‌ಆರ್‌ಐ ಆದ್ದರಿಂದ ಅವರ ಪಾಲಿನ ಟಿಡಿಎಸ್ (ಕೊಳ್ಳುವವರು ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ತೆರಿಗೆ) ಬೇರೆ ರೀತಿ. ಅಡ್ವಾನ್ಸ್ ತಗೊಳ್ಳುವ ಮುಂಚೆಯೇ ಆಡಿಟರ್ ಹತ್ತಿರ ಕೇಳಿ.