ಎಫ್‌1 2026: ನಿಯಮದಲ್ಲಿ ಕಂಪ್ರೆಷನ್ 16 ಅಂತಿದ್ದರೂ 18ರಲ್ಲಿ ಓಡಿಸಬಹುದಾ? ಇದು ಮೋಸ ಅಲ್ಲವಾ?

ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್ಕಾಟ್‌ನಲ್ಲಿ ಅಪ್ರೆಂಟಿಸ್ ಆಗಿರುವ ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಂಪ್ರೆಷನ್ ರೇಶಿಯೋ ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತೆ ಅನ್ನುವ ಲೆಕ್ಕ. ಅಳೆದಾಗ 16:1 ತೋರಿಸುವ ಫಾರ್ಮುಲಾ ಒನ್ ಎಂಜಿನ್ ಓಡುವಾಗ 18:1 ಆಗಬಹುದಾ? ಹಾಗೆ ಆಗುವುದಾದರೆ ಅದು ಕಳ್ಳಾಟವಾ? ಮೊದಲನೆಯದಕ್ಕೆ ಲೆಕ್ಕವೇ ಉತ್ತರ. ಎರಡನೆಯದಕ್ಕೆ ನನ್ನ ಉತ್ತರ: ಅಲ್ಲ, ಸಡಿಲವಾಗಿ ಬರೆದದ್ದು ನಿಯಮವನ್ನೇ.

ಎಫ್‌1 ಎಂಜಿನ್ ಅಂದರೆ 1600 ಸಿಸಿ, ಆರು ಸಿಲಿಂಡರ್. ಒಂದೊಂದಕ್ಕೆ 266.7 ಸಿಸಿ. 16:1 ಬರಬೇಕಾದರೆ ಪಿಸ್ಟನ್ ಟಿಡಿಸಿಯಲ್ಲಿ (ತನ್ನ ಓಟದ ತುತ್ತತುದಿಯಲ್ಲಿ) ಇದ್ದಾಗ ಮೇಲೆ ಉಳಿಯುವ ಜಾಗ 17.8 ಸಿಸಿ, 2025ರವರೆಗೆ ಇದ್ದ 18:1 ಮಿತಿಗೆ 15.7 ಸಿಸಿ. ವ್ಯತ್ಯಾಸ 2.1 ಸಿಸಿ ಅಷ್ಟೇ. ಬೋರ್ (ಸಿಲಿಂಡರಿನ ಒಳವ್ಯಾಸ) 80 ಮಿ.ಮೀ. ಆದ್ದರಿಂದ ಪಿಸ್ಟನ್ 0.42 ಮಿ.ಮೀ. ಮೇಲೆ ಬಂದರೆ ಕೆಲಸ ಆಯಿತು. ನೋಡುವವರಿಗೆ ಇದು ಕೂದಲೆಳೆ, ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ನಿಮಗೆ ಇದು ಎಷ್ಟು ದೊಡ್ಡ ಅಂತರ ಅಂತ ಹೇಳಬೇಕಿಲ್ಲ.

"ಬಿಸಿಯಾದರೆ ಲೋಹ ಹಿಗ್ಗುತ್ತೆ, ಅದಕ್ಕೇ ಕಂಪ್ರೆಷನ್ ಏರುತ್ತೆ" ಅಂತ ಎಲ್ಲರೂ ಸಲೀಸಾಗಿ ಹೇಳಿಬಿಡುತ್ತಾರೆ. ಅದು ಅಷ್ಟು ಸುಲಭವಲ್ಲ. 100 ಮಿ.ಮೀ. ಉದ್ದದ ತುಂಡು 100 ಡಿಗ್ರಿ ಕಾದರೆ ಅಲ್ಯೂಮಿನಿಯಂ ಸುಮಾರು 0.23 ಮಿ.ಮೀ. ಹಿಗ್ಗುತ್ತೆ, ಸ್ಟೀಲ್ 0.12, ಟೈಟಾನಿಯಂ 0.09. ಅಂದರೆ ಅಲ್ಯೂಮಿನಿಯಂ ಬ್ಲಾಕ್, ಸ್ಟೀಲ್ ಕನೆಕ್ಟಿಂಗ್ ರಾಡ್ ಇರುವ ಮಾಮೂಲಿ ಎಂಜಿನ್‌ನಲ್ಲಿ ಸಿಲಿಂಡರಿನ ಮೇಲಿನ ಮುಚ್ಚಳ, ಅಂದರೆ ಹೆಡ್ಡೇ ಪಿಸ್ಟನ್‌ನಿಂದ ದೂರ ಸರಿಯುತ್ತೆ, ಕಂಪ್ರೆಷನ್ ಇಳಿಯುತ್ತೆ! ಏರಬೇಕಾದರೆ ಬ್ಲಾಕ್‌ಗಿಂತ ರಾಡ್ ಮತ್ತು ಪಿಸ್ಟನ್ ಹೆಚ್ಚು ಹಿಗ್ಗುವಂತೆ ಲೋಹಗಳನ್ನು ಬೇಕೆಂತಲೇ ಆರಿಸಬೇಕು.

ಕಾಗದದ ಮೇಲೆ ಇನ್ನೊಂದು ದಾರಿಯೂ ಇದೆ, ಅದು ಅರ್ಥವಾಗಲು ಅಳೆಯುವ ವಿಧಾನ ಗೊತ್ತಿರಬೇಕು. ಬೈಕ್ ಎಂಜಿನ್ ಮೇಲೆ ನೀವೇ ಮಾಡಿ ನೋಡಬಹುದು. 160 ಸಿಸಿ, 10:1 ಇರುವ ಬೈಕ್‌ನ ಚೇಂಬರ್ (ಪಿಸ್ಟನ್ ಮೇಲೆ ಉಳಿಯುವ ಆ ಜಾಗ) ಕೂಡ ಸರಿಯಾಗಿ 17.8 ಸಿಸಿ, ಎಫ್‌1 ಸಿಲಿಂಡರಿನಷ್ಟೇ. ಡಯಲ್ ಗೇಜ್ ಇಟ್ಟು ಕಂಪ್ರೆಷನ್ ಸ್ಟ್ರೋಕಿನ ಟಿಡಿಸಿ ಹಿಡಿಯಿರಿ, ಎರಡೂ ವಾಲ್ವ್ ಮುಚ್ಚಿರಬೇಕು. ಪ್ಲಗ್ ತೂತು ಎಲ್ಲಕ್ಕಿಂತ ಮೇಲೆ ಬರುವಂತೆ ಎಂಜಿನ್ ವಾಲಿಸಿ. 0.1 ಮಿ.ಲೀ. ಗೆರೆ ಇರುವ ಬ್ಯೂರೆಟ್‌ನಿಂದ ತೆಳು ಎಣ್ಣೆ ಬಿಡಿ. ಪ್ಲಗ್‌ನ ತುದಿ ಕೂರುವ ಮಟ್ಟಕ್ಕೆ ಬಂದಾಗ ನಿಲ್ಲಿಸಿ, ಓದಿ. ಒಳಗೆ 1 ಸಿಸಿ ಗಾಳಿಗುಳ್ಳೆ ಸಿಕ್ಕಿಕೊಂಡರೆ 10 ಇದ್ದದ್ದು 10.5 ಅಂತ ಕಾಣುತ್ತೆ. ರಿಂಗ್ ಪಕ್ಕದಿಂದ ಎಣ್ಣೆ ಇಳಿದರೆ ಉಲ್ಟಾ, ಕಮ್ಮಿ ತೋರಿಸುತ್ತೆ. ಹಾಗಾಗಿ ಹೆಡ್ ಬಿಚ್ಚಿದಾಗಲೇ ಪಿಸ್ಟನ್ ಅಂಚಿಗೆ ಗ್ರೀಸ್ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ.

ಇಲ್ಲಿ ಎಣ್ಣೆಗೆ ಬೇಕಾದಷ್ಟು ಸಮಯ ಇದೆ, ಸಂದುಗೊಂದಿಗೆಲ್ಲ ನಿಧಾನವಾಗಿ ಇಳಿಯುತ್ತೆ. 12,000 ಆರ್‌ಪಿಎಂನಲ್ಲಿ ಒಂದು ಸ್ಟ್ರೋಕಿಗೆ ಸಿಗುವುದು 2.5 ಮಿಲಿಸೆಕೆಂಡ್. ಸೂಜಿ ತೂತಿನ ಹಿಂದೆ ಒಂದು ಪುಟ್ಟ ಗೂಡು ಇದ್ದರೆ ನಿಧಾನದ ಅಳತೆಯಲ್ಲಿ ಅದು ಲೆಕ್ಕಕ್ಕೆ ಬರುತ್ತೆ, ಓಡುವಾಗ ಅದರೊಳಗೆ ಗಾಳಿ ತುಂಬುವಷ್ಟರಲ್ಲಿ ಸ್ಟ್ರೋಕ್ ಮುಗಿದಿರುತ್ತೆ.

ಈಗ ನಿಯಮಕ್ಕೆ ಬನ್ನಿ. ಜಿಯೊಮೆಟ್ರಿಕ್ ಕಂಪ್ರೆಷನ್ ರೇಶಿಯೋ 16 ಮೀರಬಾರದು ಅಂತ ಬರೆದವರು, ಅದೇ ಕಲಮಿನಲ್ಲಿ ಅಳತೆ ಸುತ್ತಲಿನ ತಾಪಮಾನದಲ್ಲಿ ಅಂತಲೂ ಬರೆದರು. ತಣ್ಣಗೆ 16, ಬಿಸಿಯಲ್ಲಿ ಹೆಚ್ಚು ಅಂತ ಎದುರಾಳಿಗಳು ಬೆರಳು ತೋರಿಸಿದ್ದು ಮರ್ಸಿಡಿಸ್ ಕಡೆಗೆ. ನಾವು ನಿಯಮದೊಳಗೇ ಇದ್ದೇವೆ ಅಂದರು ಅವರು. ಎದುರಾಳಿಗಳು ಹಿಡಿದದ್ದು ಬೇರೆ ಕಲಮು: ಸ್ಪರ್ಧೆಯ ಉದ್ದಕ್ಕೂ ಕಾರು ನಿಯಮಕ್ಕೆ ಒಳಪಟ್ಟಿರಬೇಕು. 130 ಡಿಗ್ರಿಗೆ ಕಾಯಿಸಿ ಅಳೆಯುವ ಮಾತು ಬಂದದ್ದು ಇದರಿಂದಲೇ. ಬಾಗುವ ರೆಕ್ಕೆಯದೂ ಇದೇ ಕಥೆ. 100 ಕೆ.ಜಿ. ಭಾರ ಹಾಕಿದರೆ ಮುಂದಿನ ರೆಕ್ಕೆ 15 ಮಿ.ಮೀ. ಬಾಗಬಹುದು ಅಂತಿದ್ದದ್ದನ್ನು 2025ರ ಸ್ಪೇನ್ ರೇಸಿನಿಂದ 10ಕ್ಕೆ ಇಳಿಸಿದರು. ನಿಯಮ ಬರೆಯುವ ಸಂಸ್ಥೆ ಎಫ್‌ಐಎ ಚಾಪೆ ಕೆಳಗೆ ನುಸುಳಿದರೆ ತಂಡದವರು ರಂಗೋಲಿ ಕೆಳಗೆ ನುಸುಳುವವರು. ಅದಕ್ಕೇ ಅವರಿಗೆ ಸಂಬಳ.

ಲಾಭ ಎಷ್ಟು? ಈಗ ಇಂಧನದ ಮಿತಿ ತೂಕದ ಮೇಲಲ್ಲ, ಶಕ್ತಿಯ ಮೇಲೆ: ಗಂಟೆಗೆ 3000 ಎಂಜೆ (ಮೆಗಾಜೂಲ್), ಅಂದರೆ 833 ಕಿಲೋವ್ಯಾಟ್. ಹೆಚ್ಚು ಸುರಿಯುವಂತಿಲ್ಲ, ಇದ್ದದ್ದರಲ್ಲೇ ಹೆಚ್ಚು ಹಿಂಡಬೇಕು. ಆದರ್ಶ ಸೈಕಲ್ ಸೂತ್ರದಲ್ಲಿ 16ರಿಂದ 18ಕ್ಕೆ ಹೋದರೆ ಸುಮಾರು ಶೇ. 2.3ರಿಂದ 2.7 ಹೆಚ್ಚಳ, 400 ಕಿಲೋವ್ಯಾಟ್ ಎಂಜಿನ್‌ಗೆ 9-11 ಕಿಲೋವ್ಯಾಟ್. ಇದು ಗರಿಷ್ಠ, ಟ್ರ್ಯಾಕ್ ಮೇಲೆ ಇದಕ್ಕಿಂತ ಕಮ್ಮಿಯೇ.

ಹಾಗಾಗಿ ಈ ಗಲಾಟೆಗೆ ಇಷ್ಟು ಶಾಯಿ ಬೇಕಿರಲಿಲ್ಲ ಅಂತ ನನಗನ್ನಿಸುತ್ತೆ. ರೇಸಿನ ರೂಪ ಬದಲಿಸಿದ್ದು ಬ್ಯಾಟರಿ ಲೆಕ್ಕ. ಟರ್ಬೊದಿಂದ ವಿದ್ಯುತ್ ಮಾಡುತ್ತಿದ್ದ ಎಂಜಿಯು-ಎಚ್ ಹೋಯಿತು; ಬ್ರೇಕ್ ಹಿಡಿದಾಗ ವಿದ್ಯುತ್ ಮಾಡಿ, ಬೇಕಾದಾಗ ಕಾರನ್ನು ನೂಕುವ ಮೋಟರ್ ಎಂಜಿಯು-ಕೆ 120ರಿಂದ 350 ಕಿಲೋವ್ಯಾಟ್‌ಗೆ ಏರಿತು. ಬಳಸಲು ಸಿಗುವ ಬ್ಯಾಟರಿ 4 ಎಂಜೆ. ಪೂರ್ತಿ ಒತ್ತಿದರೆ 11.4 ಸೆಕೆಂಡಿನಲ್ಲಿ ಖಾಲಿ. ಒಂದು ಲ್ಯಾಪಿಗೆ ತುಂಬಿಸಿಕೊಳ್ಳಲು ಮೂಲ ನಿಯಮದ ಮಿತಿ 8.5 ಎಂಜೆ, ಅಂದರೆ 24 ಸೆಕೆಂಡಿನ ಸರಕು. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿರುವ ಸಮಯ ಎಷ್ಟೋ ಟ್ರ್ಯಾಕ್‌ಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಬ್ರೇಕಿನಿಂದ ಸಿಕ್ಕಿದ್ದು ಸಾಲದಿದ್ದಾಗ ಎಂಜಿನ್ ಶಕ್ತಿಯನ್ನೇ ಕದ್ದು ಬ್ಯಾಟರಿಗೆ ತುಂಬುತ್ತಾರೆ. ಡ್ರೈವರ್‌ಗಳು ಗೊಣಗುವುದು ಇದಕ್ಕೇ.

ಮುಂದಿನ ರೇಸಿನಲ್ಲಿ ಆನ್‌ಬೋರ್ಡ್ ಕ್ಯಾಮೆರಾ ಹಾಕಿಕೊಂಡು, ಉದ್ದನೆಯ ನೇರ ದಾರಿಯ ಕೊನೆಯ 200-300 ಮೀಟರ್ ನೋಡಿ. ಥ್ರಾಟಲ್ ಪಟ್ಟಿ ಪೂರ್ತಿ ತುಂಬಿದ್ದೂ, ಬ್ರೇಕ್ ಮುಟ್ಟುವ ಮೊದಲೇ ವೇಗದ ಅಂಕಿ ಇಳಿಯುತ್ತಿದ್ದರೆ ಅಲ್ಲಿ ಬ್ಯಾಟರಿಯ ನೆರವು ನಿಂತಿದೆ, ಇಲ್ಲವೇ ಎಂಜಿನ್ ಬ್ಯಾಟರಿ ತುಂಬಿಸುತ್ತಿದೆ ಅಂತ ತಿಳಿಯಿರಿ.