ಎಲ್‌ಇಡಿ ಸ್ಟ್ರಿಪ್‌ನ ಕೊನೆ ಯಾಕೆ ಮಂಕು?

ಪ್ರಶ್ನೆ: ಹಾಲ್‌ನ ಫಾಲ್ಸ್ ಸೀಲಿಂಗ್ ಒಳಗೆ 12 ವೋಲ್ಟ್‌ನ ಎಲ್‌ಇಡಿ ಸ್ಟ್ರಿಪ್ ಹಾಕಿಸಿದ್ದೇವೆ. 5 ಮೀಟರ್‌ನ ಎರಡು ರೋಲ್ ಒಂದರ ಬಾಲಕ್ಕೆ ಇನ್ನೊಂದನ್ನು ಸೇರಿಸಿದ್ದಾರೆ. ಮೀಟರಿಗೆ 14.4 ವ್ಯಾಟ್, ಪವರ್ ಸಪ್ಲೈ (ಮನೆಯ ಕರೆಂಟನ್ನು 12 ವೋಲ್ಟ್‌ಗೆ ಇಳಿಸುವ ಡಬ್ಬಿ) 120 ವ್ಯಾಟ್. ಶುರುವಿನಲ್ಲಿ ಒಳ್ಳೆ ಬೆಳಕಿದೆ, ಕೊನೆಗೆ ಹೋಗುತ್ತಾ ಮಂಕು. ಸಪ್ಲೈ ಮುಟ್ಟಲಾಗದಷ್ಟು ಬಿಸಿ. ವೋಲ್ಟೇಜ್ ಸ್ವಲ್ಪ ಹೆಚ್ಚಿಸಿದರೆ ಸರಿಹೋಗುತ್ತದಾ? ಅಡುಗೆಮನೆಗೂ ಹಾಕಬೇಕು, 12 ತಗೊಳ್ಳಲಾ, 24 ತಗೊಳ್ಳಲಾ?

ಉತ್ತರ: ವೋಲ್ಟೇಜ್ ಮಾತ್ರ ಹೆಚ್ಚಿಸಬೇಡಿ. ಕೊನೆ ಬೆಳಗುವ ಹೊತ್ತಿಗೆ ಶುರುವಿನ ಎಲ್‌ಇಡಿಗಳು ಕಾದು ಆಯುಸ್ಸು ಕಳೆದುಕೊಳ್ಳುತ್ತವೆ. ಮೊದಲು ಸಪ್ಲೈ ಬದಲಿಸಿ. ನಿಮ್ಮ ಸ್ಟ್ರಿಪ್‌ಗೆ ಬೇಕಾದದ್ದು 144 ವ್ಯಾಟ್, ಇರುವುದು 120. ಬಿಸಿಯಾಗದೆ ಇನ್ನೇನಾದೀತು? ಸಪ್ಲೈ ತನ್ನ ಶಕ್ತಿಯ ಶೇ 80ರೊಳಗೆ ಕೆಲಸ ಮಾಡಿದರೆ ತುಂಬಾ ದಿನ ಬಾಳುತ್ತದೆ. ನಿಮಗೆ 200 ವ್ಯಾಟ್‌ನದು ಸರಿ. ಅದನ್ನು ಗಾಳಿಯಾಡುವ, ಕೈಗೆ ಸಿಗುವ ಜಾಗದಲ್ಲಿಡಿ. ಸೀಲಿಂಗ್ ಒಳಗೆ ಮುಚ್ಚಿಬಿಟ್ಟರೆ ಮುಂದೆ ರಿಪೇರಿಗೆ ಸೀಲಿಂಗನ್ನೇ ಒಡೆಯಬೇಕಾಗುತ್ತದೆ.

ಇನ್ನು ಮಂಕಿನ ವಿಷಯ. ಸ್ಟ್ರಿಪ್‌ನ ಒಳಗಿರುವುದು ತೆಳ್ಳನೆಯ ತಾಮ್ರದ ಪಟ್ಟಿ. ಈಗ ಎರಡನೇ ರೋಲ್‌ನ ಕರೆಂಟ್ ಕೂಡ ಮೊದಲ ರೋಲ್‌ನ ಮೂಲಕವೇ ಹಾದು ಹೋಗುತ್ತಿದೆ. ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ, ಪಟ್ಟಿಯೂ ಕಾಯುತ್ತದೆ. ಎರಡು ರೋಲ್ ಸೇರುವ ಜಾಗಕ್ಕೆ ಸಪ್ಲೈನಿಂದ ನೇರವಾಗಿ ವೈರ್ ತನ್ನಿ. ಅಲ್ಲಿಂದ ಕರೆಂಟ್ ಎರಡೂ ಕಡೆ ಹಂಚಿಹೋಗಲಿ. ಹಳೆಯ ತುದಿಯ ಸಂಪರ್ಕವನ್ನೂ ಉಳಿಸಿಕೊಂಡರೆ ಇನ್ನೂ ಒಳ್ಳೆಯದು. ಪ್ಲಸ್ ಪ್ಲಸ್‌ಗೆ, ಮೈನಸ್ ಮೈನಸ್‌ಗೇ ಹೋಗಬೇಕು. ಒತ್ತಿ ಕೂರಿಸುವ ಕ್ಲಿಪ್‌ಗಿಂತ ಬೆಸುಗೆ ಹಾಕಿಸಿ. ಸಡಿಲ ಕ್ಲಿಪ್ ಕಾದು ಕರಗುತ್ತದೆ.

ಅಡುಗೆಮನೆಗೆ ಹೊಸದಾಗಿ ಕೊಳ್ಳುತ್ತೀರಿ ಅಲ್ವಾ, 24 ವೋಲ್ಟ್‌ನದೇ ತಗೊಳ್ಳಿ. ಕಾರಣ ಲೆಕ್ಕದಲ್ಲೇ ಇದೆ. 72 ವ್ಯಾಟ್‌ನ ಒಂದು ರೋಲ್ 12 ವೋಲ್ಟ್‌ನಲ್ಲಿ 6 ಆಂಪಿಯರ್ ಎಳೆಯುತ್ತದೆ. ಸಪ್ಲೈ 10 ಮೀಟರ್ ದೂರವಿದ್ದು 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೆ ಸುಮಾರು 1.4 ವೋಲ್ಟ್ ವೈರಿನಲ್ಲೇ ಹೋಗುತ್ತದೆ, ಅಂದರೆ ಹತ್ತರಲ್ಲಿ ಒಂದು ಪಾಲಿಗಿಂತ ಜಾಸ್ತಿ. 24 ವೋಲ್ಟ್‌ನಲ್ಲಿ ಎಳೆತ 3 ಆಂಪಿಯರ್ ಮಾತ್ರ, ನಷ್ಟ ಶೇ 3ರಷ್ಟು. ಒಂದೇ ತೊಂದರೆ, 24 ವೋಲ್ಟ್‌ನ ಸ್ಟ್ರಿಪ್‌ನಲ್ಲಿ ಕತ್ತರಿಸುವ ಗುರುತುಗಳು ಸಾಮಾನ್ಯವಾಗಿ ದೂರ ದೂರ ಇರುತ್ತವೆ. ಗುರುತು ಬಿಟ್ಟು ಬೇರೆ ಕಡೆ ಕತ್ತರಿಸಿದರೆ ಆ ತುಂಡು ಉರಿಯುವುದಿಲ್ಲ.

ಸ್ಟ್ರಿಪ್ಪನ್ನು ಸುಮ್ನೆ ಮರಕ್ಕೆ ಅಂಟಿಸಬೇಡಿ. ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ (ಸ್ಟ್ರಿಪ್ ಕೂರುವ ಉದ್ದನೆಯ ತೋಡಿನ ಪಟ್ಟಿ) ಕೂರಿಸಿ, ಶಾಖ ಹೊರಗೆ ಹೋಗಲಿ. ಮೇಲೆ ಹಾಲುಬಣ್ಣದ ಮುಚ್ಚಳ ಇದ್ದರೆ ಪಾಲಿಶ್ ಮಾಡಿದ ಕಟ್ಟೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುವುದಿಲ್ಲ. ಕಪಾಟಿನ ಮುಂದಿನ ಅಂಚಿನ ಹತ್ತಿರ ಹಾಕಿದರೆ ಹೆಚ್ಚುವ ಜಾಗಕ್ಕೆ ಬೆಳಕು ಬೀಳುತ್ತದೆ. ಸಿಂಕ್ ಹತ್ತಿರ ಐಪಿ65 (ಧೂಳು, ನೀರಿನ ಸಿಡಿತ ತಡೆಯುವ ದರ್ಜೆ) ಸ್ಟ್ರಿಪ್ ಇರಲಿ. ಬೆಳಕಿನ ಬಣ್ಣ 4000 ಕೆಲ್ವಿನ್ (ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಿಳಿ) ಇರಲಿ, ಸಿಆರ್‌ಐ (ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಳತೆ, 100ಕ್ಕೆ) 90ಕ್ಕೆ ಕಡಿಮೆ ಬೇಡ. ತರಕಾರಿ ತಾಜಾ ಇದೆಯೋ ಇಲ್ಲವೋ ಕಣ್ಣಿಗೆ ಸರಿಯಾಗಿ ತಿಳಿಯಬೇಕಲ್ಲ.

ಕೆಲಸಕ್ಕೆ ಮುಂಚೆ ಮೇನ್ ಆಫ್ ಮಾಡಿ. ಸಪ್ಲೈಗೆ ಬರುವ ಮೇನ್ಸ್ ಲೈನನ್ನು ಎಲೆಕ್ಟ್ರಿಷಿಯನ್ನೇ ಜೋಡಿಸಲಿ. ಕಡಿಮೆ ವೋಲ್ಟೇಜ್ ತಾನೇ ಅಂತ ಫ್ಯೂಸ್ ಹಾಕುವುದನ್ನು ಬಿಡಬೇಡಿ. 12 ವೋಲ್ಟ್ ಶಾಕ್ ಹೊಡೆಯದಿರಬಹುದು, ಆದರೆ ಶಾರ್ಟ್ ಆದರೆ ವೈರ್ ಸುಟ್ಟು ಬೆಂಕಿ ಹತ್ತಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಹ್ಯಾಲೊಜನ್ ದೀಪದ 12 ವೋಲ್ಟ್ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಇದೆ. ಎಲ್‌ಇಡಿ ಸ್ಟ್ರಿಪ್‌ಗೆ ಅದೇ ಸಾಕಾ?

ಉತ್ತರ: ಬೇಡ. ಅದು ಕೊಡುವುದು ಎಸಿ (ದಿಕ್ಕು ಬದಲಿಸುತ್ತಿರುವ ಕರೆಂಟ್), ಸ್ಟ್ರಿಪ್‌ಗೆ ಬೇಕಿರುವುದು ಡಿಸಿ (ಒಂದೇ ದಿಕ್ಕಿನ ಕರೆಂಟ್). ಅದರ ಮೇಲೆ 20–60 ವ್ಯಾಟ್ ಅಂತ ಏನಾದರೂ ಬರೆದಿದೆಯಾ ನೋಡಿ. ಅದರಲ್ಲಿ ಮೊದಲ ಅಂಕಿಯಷ್ಟು ಕನಿಷ್ಠ ಲೋಡ್ (ಅದಕ್ಕೆ ಜೋಡಿಸಿದ ದೀಪಗಳ ಒಟ್ಟು ವ್ಯಾಟ್) ಇಲ್ಲದಿದ್ದರೆ ಅದು ಸರಿಯಾಗಿ ಓಡುವುದೇ ಇಲ್ಲ. 12 ವೋಲ್ಟ್‌ನ ಎಲ್‌ಇಡಿ ಬಲ್ಬ್ ಕೂಡ ಇದೇ ಕಾರಣಕ್ಕೆ ಮಿಣುಕುತ್ತದೆ. ಸ್ಥಿರ ವೋಲ್ಟೇಜ್ ಕೊಡುವ ಡಿಸಿ ಸಪ್ಲೈ ತನ್ನಿ. ಡಿಮ್ಮರ್ ಬೇಕಿದ್ದರೆ ಸಪ್ಲೈಗೂ ಸ್ಟ್ರಿಪ್‌ಗೂ ನಡುವೆ ಎಲ್‌ಇಡಿ ಡಿಮ್ಮರ್ ಹಾಕಿಸಿ.